ಜಿಪುಣ ಎಂದು ಯಾರನ್ನು ಕರೆಯೋಣ?

ಹಣ ಬಿಚ್ಚದವನನ್ನು ಬಯ್ಯಲು ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಜಿಪುಣ, ಜುಗ್ಗ, ಲೋಭಿ, ಕೃಪಣ. ಉತ್ತರ ಕರ್ನಾಟಕದ ಕಡೆ ಜೀನ ಎಂಬ ಮಾತುಂಟು. ಪೇಟೆಯ ಮಾತಿನಲ್ಲಿ ಅವನು ಕಂಜೂಸ್. ಉರ್ದು ಬಲ್ಲವರ ಬಾಯಲ್ಲಿ ಬಖೀಲ್. ಇವಿಷ್ಟೂ ಸಾಲದು ಎನಿಸಿದಾಗ 'ಎಂಜಲು ಕೈಯಲ್ಲಿ ಕಾಗೆ ಓಡಿಸದವನು' ಎಂಬ ಬ್ರಹ್ಮಾಸ್ತ್ರ ಇದ್ದೇ ಇದೆ. ಕೈ ಬೀಸಿದರೆ ಬೆರಳಿಗೆ ಅಂಟಿದ ಅಗುಳು ಉದುರಿ ಕಾಗೆಯ ಪಾಲಾದೀತು ಎಂಬ ಭಯ ಅವನಿಗೆ! ತಮಿಳು, ಮಲಯಾಳಂ ಭಾಷೆಗಳಲ್ಲೂ ಇದೇ ಕಾಗೆಯಿದೆ. ಹಿಂದಿಯಲ್ಲಿ ಮಾತ್ರ ಕಾಗೆಯ ಜಾಗಕ್ಕೆ ನಾಯಿ ಬಂದಿದೆ. ತುಪ್ಪದಲ್ಲಿ ಬಿದ್ದ ನೊಣವನ್ನೂ ಚೀಪಿ ಎಸೆಯುವವನು ಎಂಬರ್ಥದ 'ಮಖ್ಖೀಚೂಸ್' ಕೂಡ ಅದೇ ಭಾಷೆಯ ಕೊಡುಗೆ.

ಆದರೆ ಇಷ್ಟೊಂದು ಪದಗಳನ್ನು ಕೈಯಲ್ಲಿ ಹಿಡಿದುಕೊಂಡ ನಾವು ಅವುಗಳನ್ನು ಯಾರ ಮೇಲೆ ಎಸೆಯುತ್ತೇವೆ? ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೆ ಚೌಕಾಸಿ ಮಾಡುವ ಕೂಲಿ ಹೆಂಗಸು ಸುಲಭವಾಗಿ ಜುಗ್ಗಿಯಾಗುತ್ತಾಳೆ. ಕೆಲಸದವರ ಸಂಬಳದಲ್ಲಿ ಕಡಿತ ಮಾಡುವ ಯಜಮಾನ ಮಾತ್ರ 'ವೆಚ್ಚ ನಿಯಂತ್ರಣ' ಮಾಡುವ ಜಾಣನಾಗುತ್ತಾನೆ. ಇಬ್ಬರೂ ಹಣ ಉಳಿಸಿದವರೇ. ಒಬ್ಬರಿಗೆ ಬೈಗುಳ, ಮತ್ತೊಬ್ಬರಿಗೆ ಬಿರುದು. ಈ ಅನ್ಯಾಯ ಇಂದಿನದಲ್ಲ. ಸುಮಾರು 1,150 ವರ್ಷಗಳ ಹಿಂದೆ ಬಸ್ರಾ ನಗರದ ಒಬ್ಬ ಲೇಖಕ ಇದನ್ನು ಗುರುತಿಸಿ, ಜಿಪುಣರ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದಿಟ್ಟಿದ್ದಾನೆ. ಅವನ ಬಳಿಗೆ ಹೋಗುವ ಮುನ್ನ ಈ ಪದಗಳ ಒಡಲನ್ನು ಒಮ್ಮೆ ನೋಡೋಣ.

ಮೊದಲು ಕನಿಕರ, ಆಮೇಲೆ ಬೈಗುಳ

ನಾವು ಬಳಸುವ 'ಕೃಪಣ' ಸಂಸ್ಕೃತದಿಂದ ಬಂದದ್ದು. ಅದರ ಮೂಲದ ಅರ್ಥ ಜಿಪುಣ ಎಂದಲ್ಲ; ದೀನ, ಮರುಕಕ್ಕೆ ಅರ್ಹನಾದವನು ಎಂದು. 'ಕೃಪೆ'ಗೂ ಅದಕ್ಕೂ ನಂಟಿದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ, ಅರಿಯಬೇಕಾದುದನ್ನು ಅರಿಯದೆ ಈ ಲೋಕ ಬಿಟ್ಟು ಹೋಗುವವನನ್ನು ಕೃಪಣ ಎಂದು ಕರೆಯಲಾಗಿದೆ. ಅಲ್ಲಿ ಹಣದ ಮಾತೇ ಇಲ್ಲ. ಕೈಯಲ್ಲಿ ಇದ್ದೂ ಇಲ್ಲದವನಂತೆ ಬದುಕುವವನಿಗಿಂತ ದೀನ ಇನ್ನಾರು ಎಂದು ಜನರಿಗೆ ತೋರಿರಬೇಕು. ಹಾಗಾಗಿ ದೀನನ ಹೆಸರು ಕ್ರಮೇಣ ಜಿಪುಣನಿಗೆ ಸಂದಿತು.

ಆಶ್ಚರ್ಯವೆಂದರೆ ಸಾವಿರಾರು ಮೈಲಿ ದೂರದ ಇನ್ನೊಂದು ಭಾಷೆಯೂ ಇದೇ ದಾರಿಯಲ್ಲಿ ನಡೆದಿದೆ. ಇಂಗ್ಲಿಷಿನಲ್ಲಿ ಜಿಪುಣನಿಗೆ 'ಮೈಸರ್' ಎನ್ನುತ್ತಾರೆ. ಅದು ಲ್ಯಾಟಿನ್ ಪದ. ಅಲ್ಲಿ ಅದರ ಅರ್ಥ ದುಃಖಿ, ನಿರ್ಭಾಗ್ಯ ಎಂದಷ್ಟೇ. ಎರಡು ಭಾಷೆಗಳ ಜನ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ತೀರ್ಮಾನಕ್ಕೆ ಬಂದರು.

ಸಂಸ್ಕೃತದಲ್ಲಿ ಇನ್ನೊಂದು ಪದವಿದೆ, 'ಕದರ್ಯ'. ಇದು ಈಗ ನಮ್ಮ ಮಾತಿನಲ್ಲಿ ಉಳಿದಿಲ್ಲ. ಆದರೆ ಅದಕ್ಕೆ ಹಿಂದಿನವರು ಕೊಟ್ಟ ವಿವರಣೆ ನೆನಪಿಡುವಂಥದ್ದು. ದುರಾಸೆಯಿಂದ ತನ್ನನ್ನು, ತನ್ನ ಧರ್ಮಕಾರ್ಯವನ್ನು, ಹೆಂಡತಿ ಮಕ್ಕಳನ್ನು, ತಂದೆ ತಾಯಿಯನ್ನು, ಸೇವಕರನ್ನು ಪೀಡಿಸುವವನೇ ಕದರ್ಯ. ಅವನ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಅವನ ಬಿಗಿಮುಷ್ಟಿಯಿಂದ ಯಾರು ನೊಂದರು ಎಂಬುದೇ ಪ್ರಶ್ನೆ. ಸೇವಕರನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದನ್ನು ಗಮನಿಸಬೇಕು.

ಹಾತಿಮ್ ಮತ್ತು ಮಾದಿರ್

ಅರಬರ ಮರುಭೂಮಿಯಲ್ಲಿ ಔದಾರ್ಯ ಎಂಬುದು ಬರೀ ಒಳ್ಳೆಯ ಗುಣವಾಗಿರಲಿಲ್ಲ, ಬದುಕಿನ ಆಸರೆಯಾಗಿತ್ತು. ದಾರಿ ತಪ್ಪಿ ಬಂದ ಪ್ರಯಾಣಿಕನಿಗೆ ನೀರು, ಅನ್ನ ಸಿಗದಿದ್ದರೆ ಅವನು ಸಾಯುತ್ತಿದ್ದ. ಇಂದು ಕೊಟ್ಟವನು ನಾಳೆ ಬೇಡುವವನಾಗಬಹುದಿತ್ತು. ಆದ್ದರಿಂದಲೇ ಇಸ್ಲಾಮಿಗೆ ಮುಂಚಿನ ಕಾಲದ ಹಾತಿಮ್ ತಾಯಿಯ ಹೆಸರು ದಾನಕ್ಕೆ ಪರ್ಯಾಯವಾಯಿತು. ಕನ್ನಡಿಗರು 'ದಾನಶೂರ ಕರ್ಣ' ಎನ್ನುವಂತೆ ಅರಬರು ಹಾತಿಮನ ಹೆಸರು ಹೇಳುತ್ತಾರೆ.

ಆದರೆ ಅರಬರು ಜಿಪುಣತನಕ್ಕೂ ಒಬ್ಬನ ಹೆಸರನ್ನು ಗಾದೆಯಾಗಿಸಿದರು. ಅವನು ಹಿಲಾಲ್ ಬುಡಕಟ್ಟಿನ ಮಾದಿರ್. ತನ್ನ ಒಂಟೆಗಳಿಗೆ ನೀರು ಕುಡಿಸಿದ ಮೇಲೆ ತೊಟ್ಟಿಯ ತಳದಲ್ಲಿ ಸ್ವಲ್ಪ ನೀರು ಉಳಿಯಿತಂತೆ. ಅದು ಬೇರೆಯವರ ಒಂಟೆಗಳ ಪಾಲಾಗಬಾರದೆಂದು ಅವನು ಆ ನೀರನ್ನು ಹೊಲಸು ಮಾಡಿ ತೊಟ್ಟಿಗೆಲ್ಲ ಬಳಿದು ಹೋದನಂತೆ. ಮಾದಿರ್ ಎಂಬ ಹೆಸರಿಗೆ ಬಳಿಯುವವನು ಎಂದೇ ಅರ್ಥ. ಆ ನೀರು ಅವನಿಗೆ ಬೇಕಿರಲಿಲ್ಲ, ಬಿಟ್ಟು ಹೋದರೆ ನಷ್ಟವೂ ಇರಲಿಲ್ಲ. ಇನ್ನೊಬ್ಬನಿಗೆ ಸಿಗಬಾರದು ಎಂಬುದಷ್ಟೇ ಅವನ ಸಂಕಟ.

ಈ ಎರಡು ಬಗೆಯ ಜಿಪುಣತನಕ್ಕೆ ಅರಬಿಯಲ್ಲಿ ಎರಡು ಪದಗಳಿವೆ. ತನ್ನಲ್ಲಿರುವುದನ್ನು ಕೊಡದಿರುವುದು 'ಬುಖ್ಲ್'. ಬಖೀಲ್ ಎಂಬುದು ಇದರಿಂದ ಬಂದದ್ದು. 'ಶುಹ್ಹ್' ಅದಕ್ಕಿಂತ ಆಳದ್ದು. ಅದು ಕೈಯ ಬಿಗಿತವಲ್ಲ, ಮನಸ್ಸಿನ ರೋಗ. ಕೊಡದಿರುವುದರ ಜೊತೆಗೆ ಇನ್ನೊಬ್ಬರ ಬಳಿ ಇರುವುದಕ್ಕೂ ಆಸೆಪಡುವುದು ಅದರ ಲಕ್ಷಣ ಎಂದು ಅರಬಿ ನಿಘಂಟುಕಾರರು ಹೇಳುತ್ತಾರೆ. ಪವಿತ್ರ ಕುರ್‌ಆನಿನ 'ಅಲ್ ಹಶ್ರ್' ಅಧ್ಯಾಯದಲ್ಲಿ ಈ ಪದ ಬರುವ ಸಂದರ್ಭ ಅರ್ಥಪೂರ್ಣವಾದುದು. ಮಕ್ಕಾದಿಂದ ಬರಿಗೈಯಲ್ಲಿ ಬಂದ ನಿರಾಶ್ರಿತರಿಗೆ, ತಮಗೇ ಕೊರತೆಯಿದ್ದರೂ ತಮ್ಮ ಪಾಲನ್ನು ಬಿಟ್ಟುಕೊಟ್ಟ ಮದೀನಾದ ಅನ್ಸಾರರ ಬಗ್ಗೆ ಮಾತನಾಡುವಾಗ, ಮನಸ್ಸಿನ ಶುಹ್ಹ್‌ನಿಂದ ಪಾರಾದವರೇ ಗೆದ್ದವರು ಎಂಬ ಆಶಯ ಅಲ್ಲಿ ವ್ಯಕ್ತವಾಗಿದೆ. ಇನ್ನೊಂದೆಡೆ, ಕೈ ಬಿಗಿ ಹಿಡಿಯುವುದು ಮತ್ತು ಪೂರ್ತಿ ಚಾಚಿ ಬರಿದಾಗುವುದು, ಈ ಎರಡು ಅತಿಗಳಿಂದಲೂ ದೂರವಿರಬೇಕೆಂಬ ಎಚ್ಚರಿಕೆ ಇದೆ. ಅಂದರೆ ಹಣ ಉಳಿಸುವುದು ತಪ್ಪೆಂದು ಯಾರೂ ಹೇಳಲಿಲ್ಲ.

ಬಸ್ರಾದ ಲೇಖಕ

ಈಗ ಬಸ್ರಾಕ್ಕೆ ಬರೋಣ. ಖಲೀಫ ಉಮರ್‌ರ ಕಾಲದಲ್ಲಿ ಸೈನಿಕ ಶಿಬಿರವಾಗಿ ಹುಟ್ಟಿದ ಈ ಊರು ಅಬ್ಬಾಸಿ ಖಲೀಫರ ಕಾಲಕ್ಕೆ ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಮರುಭೂಮಿಯ ಡೇರೆಗಳ ಜಾಗದಲ್ಲಿ ಬಾಡಿಗೆ ಮನೆಗಳು ಬಂದವು. ಒಂಟೆಯ ಬದಲು ದಿರ್ಹಮ್ ಎಣಿಸುವ ಕಾಲ ಬಂತು. ಹಾತಿಮನಂತೆ ಅತಿಥಿಗಾಗಿ ಪ್ರಾಣಿಯನ್ನು ಕಡಿಯುವ ಆದರ್ಶ ಬಾಯಲ್ಲಿ ಉಳಿದಿತ್ತು. ಬದುಕು ಲೆಕ್ಕದ ಪುಸ್ತಕದ ಮೇಲೆ ನಡೆಯುತ್ತಿತ್ತು.

ಇಂಥ ಊರಿನಲ್ಲಿ ಕ್ರಿ.ಶ. 776ರ ಸುಮಾರಿಗೆ ಅಮ್ರ್ ಬಿನ್ ಬಹ್ರ್ ಹುಟ್ಟಿದ. ಉಬ್ಬುಗಣ್ಣಿನವನಾದ್ದರಿಂದ ಜನ ಅವನನ್ನು 'ಅಲ್ ಜಾಹಿಝ್' ಎಂದು ಕರೆದರು. ಲೋಕಕ್ಕೆ ಉಳಿದದ್ದು ಆ ಅಡ್ಡಹೆಸರೇ. ಬಡವರ ಮನೆಯ ಹುಡುಗ. ಚಿಕ್ಕವನಿದ್ದಾಗ ಕಾಲುವೆಯ ದಂಡೆಯಲ್ಲಿ ರೊಟ್ಟಿ, ಮೀನು ಮಾರುತ್ತಿದ್ದನೆಂದು ಹೇಳುತ್ತಾರೆ. ಮುಂದೆ ಅರಬಿ ಗದ್ಯದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ಹಿಜರಿ 255ರಲ್ಲಿ, ಅಂದರೆ ಕ್ರಿ.ಶ. 868-69ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅದೇ ಬಸ್ರಾದಲ್ಲಿ ತೀರಿಕೊಂಡ. ಅವನ ಪುಸ್ತಕಗಳಲ್ಲಿ ಒಂದು 'ಕಿತಾಬುಲ್ ಬುಖಲಾ', ಜಿಪುಣರ ಪುಸ್ತಕ. 1900ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅದು ಅಚ್ಚಾಯಿತು. ಆಮೇಲೆ ಫ್ರೆಂಚ್, ಇಂಗ್ಲಿಷ್ ಭಾಷೆಗಳಿಗೂ ಹೋಯಿತು.

ಪುಸ್ತಕದ ಆರಂಭದಲ್ಲೇ ಜಾಹಿಝ್ ಪದಗಳ ಪ್ರಶ್ನೆ ಎತ್ತುತ್ತಾನೆ. ಜಿಪುಣರು ತಮ್ಮ ಬುಖ್ಲ್‌ಗೆ 'ಇಸ್ಲಾಹ್' ಎಂದೂ ಶುಹ್ಹ್‌ಗೆ 'ಇಕ್ತಿಸಾದ್' ಎಂದೂ ಹೆಸರಿಟ್ಟುಕೊಂಡದ್ದು ಏಕೆ ಎಂದು ಕೇಳುತ್ತಾನೆ. ಇಸ್ಲಾಹ್ ಎಂದರೆ ಸರಿಪಡಿಸುವುದು, ಸುಧಾರಣೆ. ಇಕ್ತಿಸಾದ್ ಎಂದರೆ ಹಿತಮಿತವಾಗಿ ನಡೆಯುವುದು. ಕೊಡದಿರುವುದು ಅವರ ಭಾಷೆಯಲ್ಲಿ ವಿವೇಕ, ಕೊಡುವುದು ದುಂದು. ಕುತೂಹಲದ ಸಂಗತಿಯೆಂದರೆ ಇಂದಿನ ಅರಬಿಯಲ್ಲಿ ಅರ್ಥವ್ಯವಸ್ಥೆಗೆ ಇರುವ ಪದ ಇಕ್ತಿಸಾದ್. ಬಸ್ರಾದ ಜಿಪುಣರು ಗುರಾಣಿಯಂತೆ ಹಿಡಿದ ಪದ ಇಂದು ಸರ್ಕಾರಿ ಇಲಾಖೆಗಳ ಬಾಗಿಲ ಮೇಲಿದೆ.

ಜಿಪುಣರು ತಮಗಷ್ಟೇ ಹೆಸರಿಟ್ಟುಕೊಳ್ಳಲಿಲ್ಲ, ಊಟಕ್ಕೆ ಬಂದವರಿಗೂ ಇಟ್ಟರು. ಬೇಯುವ ಮೊದಲೇ ಪಾತ್ರೆಯಿಂದ ಮಾಂಸ ಎತ್ತುವವನು 'ನಶ್ಶಾಲ್'. ಬಾಯಿಯ ತುತ್ತು ಇಳಿಯುವ ಮುನ್ನ ಇನ್ನೊಂದು ತುತ್ತು ತುರುಕುವವನು 'ಲಕ್ಕಾಮ್'. ಮೂಳೆಯ ಮಜ್ಜೆ ಹೀರುತ್ತಾ ಕೂರುವವನು 'ಮಸ್ಸಾಸ್'. ಅತಿಥಿಯ ಒಂದೊಂದು ತುತ್ತನ್ನೂ ಕಾದು ಕುಳಿತ ಕಣ್ಣಿಗಲ್ಲದೆ ಇಷ್ಟು ಸೂಕ್ಷ್ಮವಾದ ಪದಪಟ್ಟಿ ಹೊಳೆಯುವುದಿಲ್ಲ.

ಬಾಡಿಗೆ ಮನೆಯ ಲೆಕ್ಕ

ಪುಸ್ತಕದಲ್ಲಿ ಅಲ್ ಕಿಂದೀ ಎಂಬ ಮನೆ ಮಾಲೀಕ ಬರುತ್ತಾನೆ. ಪ್ರಸಿದ್ಧ ತತ್ತ್ವಜ್ಞಾನಿ ಅಲ್ ಕಿಂದೀಯೇ ಇವನು ಹೌದೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಬಾಡಿಗೆದಾರರು ಬಾಡಿಗೆ ಕೊಟ್ಟರೆ ಸಾಲದು. ಅವರ ಪ್ರಾಣಿಗಳ ಸಗಣಿ, ಮನೆಯ ಕಸ, ತಿಂದುಳಿದ ಖರ್ಜೂರದ ಬೀಜ, ದಾಳಿಂಬೆಯ ಸಿಪ್ಪೆ ಕೂಡ ಅವನಿಗೆ ಸಲ್ಲಬೇಕು. ಮನೆಯಲ್ಲಿ ಒಬ್ಬ ಗರ್ಭಿಣಿ ಇದ್ದಾಳೆ, ನಿಮ್ಮ ಅಡುಗೆಯ ಘಮಕ್ಕೆ ಅವಳ ಬಯಕೆ ಕೆರಳಿ ಅನಾಹುತ ಆದೀತು, ಆದ್ದರಿಂದ ಒಂದು ಸೌಟಾದರೂ ಕಳಿಸಿ ಎಂದು ಅವನು ಹೇಳಿ ಕಳಿಸುತ್ತಾನೆ!

ಒಮ್ಮೆ ಒಬ್ಬ ಬಾಡಿಗೆದಾರನ ಮನೆಗೆ ಇಬ್ಬರು ನೆಂಟರು ತಿಂಗಳ ಮಟ್ಟಿಗೆ ಬಂದರು. ತಕ್ಷಣ ಮಾಲೀಕನ ಚೀಟಿ ಬಂತು. ನೀವು ಆರು ಮಂದಿ, ಬಾಡಿಗೆ ಮೂವತ್ತು ದಿರ್ಹಮ್, ತಲೆಗೆ ಐದು; ಈಗ ಎಂಟು ಮಂದಿ, ಬಾಡಿಗೆ ನಲವತ್ತು. ಇಬ್ಬರು ಬಂದರೆ ನಿಮಗೇನು ನಷ್ಟ ಎಂದು ಕೇಳಿದ್ದಕ್ಕೆ ಉದ್ದದ ಪತ್ರವೇ ಉತ್ತರ. ಹೆಚ್ಚು ಕಾಲುಗಳು ಓಡಾಡಿದರೆ ಮೆಟ್ಟಿಲು ಸವೆಯುತ್ತದೆ, ಹೆಚ್ಚು ಸಲ ತೆರೆದು ಮುಚ್ಚಿದರೆ ಬಾಗಿಲಿನ ಅಗುಳಿ ಮುರಿಯುತ್ತದೆ, ನೀರು ಹೆಚ್ಚು ಖರ್ಚಾಗುತ್ತದೆ, ಹೀಗೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪತ್ರ ಹಳೆಯದೆನಿಸದು. ನೆಂಟರು ಬಂದ ದಿನ ಮಹಡಿಯ ನೀರಿನ ಟ್ಯಾಂಕನ್ನು ಇಣುಕಿ ನೋಡುವವರ ಪೂರ್ವಜ ಅವನು.

ಜಾಹಿಝನ ಜಾಣತನ ಇಲ್ಲಿದೆ. ಅವನು ಮಾಲೀಕನನ್ನು ಬಯ್ಯುವುದಿಲ್ಲ. ಅವನ ವಾದವನ್ನು ಅವನ ಬಾಯಿಂದಲೇ, ಒಂದಂಶವೂ ಬಿಡದಂತೆ ಹೇಳಿಸುತ್ತಾನೆ. ಖಲೀಫ ಮಾಮೂನನ ಗ್ರಂಥಾಲಯದ ಹೊಣೆ ಹೊತ್ತಿದ್ದ ವಿದ್ವಾಂಸ ಸಹ್ಲ್ ಬಿನ್ ಹಾರೂನ್ ತನ್ನ ದಾಯಾದಿಗಳಿಗೆ ಬರೆದ ಪತ್ರವೂ ಪುಸ್ತಕದಲ್ಲಿದೆ. ಹರಿದ ಅಂಗಿಗೆ ತೇಪೆ ಹಾಕುತ್ತೇನೆಂದು ನನ್ನನ್ನು ಆಡಿಕೊಳ್ಳುತ್ತೀರಾ, ಪ್ರವಾದಿ(ಸ)ಯವರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿರಲಿಲ್ಲವೇ ಎಂಬುದು ಅವನ ವಾದದ ಧಾಟಿ. ಪುಣ್ಯಪುರುಷರ ಸರಳತೆಯನ್ನು ತನ್ನ ಬೀಗಕ್ಕೆ ಕಾವಲಾಗಿ ನಿಲ್ಲಿಸುವ ಈ ಉಪಾಯವೂ ನಮಗೆ ಅಪರಿಚಿತವಲ್ಲ.

ಹೆಸರು ಅಂಟುವುದು ಯಾರಿಗೆ?

ಆದರೆ ಜಾಹಿಝ್ ಕೂಡ ತನ್ನ ಕಾಲದ ಮನುಷ್ಯ. ಅವನ ಪುಸ್ತಕದಲ್ಲಿ ಮೊದಲ ಏಟು ಬೀಳುವುದು ಖುರಾಸಾನಿನ ಜನರಿಗೆ, ಅದರಲ್ಲೂ ಮರ್ವ್ ನಗರದವರಿಗೆ. ಕೆಲವು ಖುರಾಸಾನಿಗಳು ಒಂದೇ ಕೋಣೆಯಲ್ಲಿದ್ದರು. ದೀಪದ ಎಣ್ಣೆಗೆ ಎಲ್ಲರೂ ಪಾಲು ಹಾಕಿದರು, ಒಬ್ಬ ಮಾತ್ರ ಹಾಕಲಿಲ್ಲ. ದೀಪ ಉರಿಯುವಷ್ಟು ಹೊತ್ತು ಅವನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ. ದೀಪ ಆರಿಸಿದ ಮೇಲೆ ಬಿಚ್ಚುತ್ತಿದ್ದರಂತೆ. ಎಲ್ಲ ಊರಿನ ಹುಂಜಗಳೂ ಕಾಳನ್ನು ಹೆಕ್ಕಿ ಹೇಂಟೆಯ ಮುಂದೆ ಹಾಕಿದರೆ, ಮರ್ವ್‌ನ ಹುಂಜ ಹೇಂಟೆಯ ಕೊಕ್ಕಿನಿಂದಲೇ ಕಾಳು ಕಿತ್ತುಕೊಳ್ಳುತ್ತದೆ ಎಂಬ ಮಾತೂ ಬರುತ್ತದೆ.

ನಗು ಬರುತ್ತದೆ ನಿಜ. ಆದರೆ ಆ ಕಾಲದ ಹಿನ್ನೆಲೆ ನೆನಪಿರಬೇಕು. ಅರಬರು ಮೇಲೋ ಅರಬೇತರರು ಮೇಲೋ ಎಂಬ 'ಶುಊಬಿಯ್ಯ' ವಿವಾದ ಆಗ ಕಾವೇರಿತ್ತು. ಔದಾರ್ಯ ಅರಬರ ಕುಲಗುಣ ಎಂದು ಹೇಳಿಕೊಳ್ಳುವಾಗ ಜಿಪುಣತನವನ್ನು ಇರಿಸಲು ಒಂದು ಜಾಗ ಬೇಕಿತ್ತು. ಅದು ಪರ್ಷಿಯನ್ ಮಾತಾಡುವ ಖುರಾಸಾನಿಯ ಬೆನ್ನಾಯಿತು. ಅಬ್ಬಾಸಿಗಳನ್ನು ಅಧಿಕಾರಕ್ಕೆ ತಂದ ಸೈನ್ಯ ಅದೇ ಖುರಾಸಾನಿನದು ಎಂಬುದನ್ನು ನೆನೆದರೆ ಈ ನಗೆಯ ಹಿಂದಿನ ಅಸಹನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಜಾಹಿಝ್ ಅಷ್ಟಕ್ಕೇ ನಿಲ್ಲಲಿಲ್ಲ, ಅರಬಿ ಭಾಷೆಯ ಮಹಾಪಂಡಿತ ಅಲ್ ಅಸ್ಮಈಯನ್ನೂ ಜಿಪುಣರ ಸಾಲಿನಲ್ಲಿ ಕೂರಿಸಿದ ಎಂಬುದು ಅವನ ಪರವಾಗಿ ಹೇಳಬೇಕಾದ ಮಾತು.

ಒಂದು ಜನಾಂಗಕ್ಕೆ ಇಡಿಯಾಗಿ ಜಿಪುಣರ ಹಣೆಪಟ್ಟಿ ಹಚ್ಚುವ ಚಾಳಿ ಎಲ್ಲ ಕಡೆಯೂ ಇದೆ. ಇಂಗ್ಲಿಷರು ಸ್ಕಾಟ್ಲೆಂಡಿನವರ ಮೇಲೆ ಹಚ್ಚಿದರು. ಯುರೋಪಿನಲ್ಲಿ ಯಹೂದಿಗಳ ಮೇಲೆ ಹಚ್ಚಿದ ಇಂಥದೇ ಪಟ್ಟಿ ನಗೆಯಲ್ಲಿ ಮುಗಿಯದೆ ನೆತ್ತರಿನಲ್ಲಿ ಮುಗಿಯಿತು. ನಮ್ಮಲ್ಲೂ ಒಂದೊಂದು ಜಾತಿಯ, ಒಂದೊಂದು ಊರಿನ ಮೇಲೆ ಇಂಥ ಗಾದೆಗಳಿವೆ. ಅವು ಯಾವುವೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ, ಪ್ರತಿಯೊಬ್ಬರಿಗೂ ಪಕ್ಕದ ಕೇರಿಯದು ಬಾಯಿಪಾಠವಾಗಿರುತ್ತದೆ.

ಮರ್ಯಮಳ ಹಿಟ್ಟು

ಈ ಪುಸ್ತಕದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಕಥೆ ಮರ್ಯಮ್ ಅಸ್ಸನ್ನಾಅ್ ಎಂಬ ಹೆಂಗಸಿನದು. ಬಸ್ರಾದ ಮಸೀದಿಯಲ್ಲಿ ಕೂತು ಉಳಿತಾಯದ ಉಪಾಯಗಳನ್ನು ಹಂಚಿಕೊಳ್ಳುತ್ತಿದ್ದ ಗುಂಪಿನಲ್ಲಿ ಒಬ್ಬ ಹಿರಿಯ ಇದನ್ನು ಹೇಳುತ್ತಾನೆ. ಮರ್ಯಮ್ ತನ್ನ ಮಗಳ ಮದುವೆಯನ್ನು ಚಿನ್ನ, ಬೆಳ್ಳಿ, ರೇಷ್ಮೆಯ ಸಡಗರದಿಂದ ಮಾಡಿದಳು. ಗಂಡನಿಗೆ ದಿಗಿಲಾಯಿತು. ಇಷ್ಟೆಲ್ಲ ಎಲ್ಲಿಂದ ಬಂತು, ನಿಧಿ ಸಿಕ್ಕಿತೇ ಎಂದು ಕೇಳಿದ. ಅವಳು ಹೇಳಿದ್ದು ಇಷ್ಟೇ: ಈ ಮಗು ಹುಟ್ಟಿದ ದಿನದಿಂದ, ರೊಟ್ಟಿಗೆಂದು ಹಿಟ್ಟು ನಾದುವಾಗಲೆಲ್ಲ ಒಂದು ಹಿಡಿ ತೆಗೆದಿಡುತ್ತಿದ್ದೆ, ಒಂದು ಅಳತೆಯಷ್ಟಾದಾಗ ಮಾರುತ್ತಿದ್ದೆ. ಕಥೆ ಕೇಳಿದ ಆ ಗುಂಪು ಎದ್ದು ಹೋಗಿ ಅವಳ ಜನಾಝಾದಲ್ಲಿ ಪಾಲ್ಗೊಂಡಿತು, ಗಂಡನಿಗೆ ಸಾಂತ್ವನ ಹೇಳಿತು.

ಜಾಹಿಝ್ ಇದನ್ನು ಜಿಪುಣರ ಪುಸ್ತಕದಲ್ಲಿ ಸೇರಿಸಿದ್ದಾನೆ. ಕನ್ನಡದ ಓದುಗರಿಗೆ ಮಾತ್ರ ಇದು ಜಿಪುಣತನವೆಂದು ತೋರುವುದು ಕಷ್ಟ. ಅನ್ನಕ್ಕೆ ಎಸರಿಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವ ತಾಯಂದಿರನ್ನು ನಾವು ನೋಡಿದ್ದೇವೆ. ಆ ಹಿಡಿ ಅಕ್ಕಿ ಮಳೆಗಾಲದ ಕೊನೆಯ ವಾರದ ಗಂಜಿಯಾಗುತ್ತಿತ್ತು, ಮದ್ರಸಕ್ಕೋ ಮಠಕ್ಕೋ ಹೋಗುತ್ತಿತ್ತು, ಬಾಗಿಲಿಗೆ ಬಂದವರ ಜೋಳಿಗೆಗೆ ಬೀಳುತ್ತಿತ್ತು. ತೆಗೆದಿಟ್ಟವಳ ಪಾಲೇ ಅದರಿಂದ ಕಡಿಮೆಯಾಗುತ್ತಿದ್ದದ್ದು ಹೆಚ್ಚು.

ಅದೇ ಪುಸ್ತಕದಲ್ಲಿ ಅಸ್ಸೌರೀ ಎಂಬವನೂ ಇದ್ದಾನೆ. ಐನೂರು ಜರೀಬ್ ಭೂಮಿಯ ಒಡೆಯ. ಅವರೆಯಂಥ ಕಾಳನ್ನು ಸಿಪ್ಪೆ ತೆಗೆಯದೆ ತಿನ್ನಬೇಕೆಂದು ಬೋಧಿಸುವವನು. ಮರ್ಯಮಳ ಹಿಡಿ ಹಿಟ್ಟಿಗೂ ಈ ಜಮೀನುದಾರನ ಸಿಪ್ಪೆಗೂ ಒಂದೇ ಹೆಸರು ಕೊಡಬಹುದೇ? ಅವಳು ತನ್ನ ತುತ್ತಿನಿಂದ ತೆಗೆದು ಮಗಳಿಗೆ ಕೊಟ್ಟಳು. ಇವನ ಐನೂರು ಜರೀಬ್ ಭೂಮಿ ಯಾರ ಹಸಿವಿಗೂ ಆಗಲಿಲ್ಲ.

ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ಜಿಪುಣನ ಕಥೆಯೂ ಒಬ್ಬ ಹೆಂಗಸಿನ ಕೈಯಲ್ಲೇ ತಿರುವು ಪಡೆಯುತ್ತದೆ. ಹದಿನಾರನೆಯ ಶತಮಾನದ ಪುರಂದರದಾಸರು ದಾಸರಾಗುವ ಮುನ್ನ ಶ್ರೀನಿವಾಸ ನಾಯಕ ಎಂಬ ಲೋಭಿ ವ್ಯಾಪಾರಿಯಾಗಿದ್ದರೆಂದು ಪ್ರತೀತಿ. ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣನನ್ನು ಅವರು ದಿನಗಟ್ಟಲೆ ಅಲೆದಾಡಿಸಿದರು. ಕೊನೆಗೆ ಹೆಂಡತಿ ಸರಸ್ವತಿ ತನ್ನ ಮೂಗುತಿಯನ್ನು ಬಿಚ್ಚಿ ಕೊಟ್ಟಳು. ಅದೇ ಮೂಗುತಿ ಮಾರಾಟಕ್ಕೆಂದು ಗಂಡನ ಅಂಗಡಿಗೇ ಬಂದಾಗ ಅವರ ಕಣ್ಣು ತೆರೆಯಿತು ಎನ್ನುತ್ತದೆ ಕಥೆ. ಬಸ್ರಾದ ಮರ್ಯಮ್ ಕೂಡಿಟ್ಟಳು, ಸರಸ್ವತಿ ಬಿಚ್ಚಿಕೊಟ್ಟಳು. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಪದವನ್ನು ಎಸೆಯುವ ಮುನ್ನ

ಜಾಹಿಝನ ನಂತರವೂ ಜಿಪುಣರ ಬಗ್ಗೆ ಬರೆಯುವುದು ನಿಲ್ಲಲಿಲ್ಲ. 1071ರಲ್ಲಿ ತೀರಿಕೊಂಡ ಬಗ್ದಾದಿನ ಇತಿಹಾಸಕಾರ ಅಲ್ ಖತೀಬ್ ಅದೇ ಹೆಸರಿನ ಇನ್ನೊಂದು ಪುಸ್ತಕ ಬರೆದರು. ಫ್ರಾನ್ಸಿನ ಮೋಲಿಯೇರ್ 1668ರಲ್ಲಿ ರಂಗಕ್ಕೆ ತಂದ ಹಾರ್ಪಗಾನ್ ಎಂಬ ಲೋಭಿಯ ಹೆಸರು ಫ್ರೆಂಚ್ ಭಾಷೆಯಲ್ಲಿ ಜಿಪುಣ ಎಂಬ ಪದವೇ ಆಗಿಹೋಯಿತು. 1843ರಲ್ಲಿ ಡಿಕೆನ್ಸ್ ಸೃಷ್ಟಿಸಿದ ಸ್ಕ್ರೂಜ್‌ಗೆ ಇಂಗ್ಲಿಷಿನಲ್ಲಿ ಅದೇ ಗತಿಯಾಯಿತು. ಆದರೆ ಡಿಕೆನ್ಸ್ ತನ್ನ ಜಿಪುಣನನ್ನು ಅಳೆದದ್ದು ಅವನ ಪೆಟ್ಟಿಗೆಯಿಂದಲ್ಲ. ಚಳಿಯಲ್ಲಿ ಒಂದು ತುಂಡು ಕಲ್ಲಿದ್ದಲಿಗೂ ಅಂಜುವ ಅವನ ಗುಮಾಸ್ತನಿಂದ. ಸೇವಕನನ್ನು ಪೀಡಿಸುವವನು ಎಂಬ ಆ ಹಳೆಯ ಕದರ್ಯದ ವಿವರಣೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು.

ನಮ್ಮ ಕಾಲದ ಜಿಪುಣ ಎಂಜಲು ಕೈಯವನಲ್ಲ. ಅವನು ಮದುವೆಗೆ ಸಾವಿರ ಎಲೆ ಹಾಕಿಸುತ್ತಾನೆ, ಎಲೆ ಎತ್ತುವವರ ಕೂಲಿಯಲ್ಲಿ ಐವತ್ತು ರೂಪಾಯಿ ಮುರಿಯುತ್ತಾನೆ. ಅವನನ್ನು ಯಾರೂ ಜುಗ್ಗ ಎನ್ನುವುದಿಲ್ಲ. ಬಸ್ರಾದ ಜಿಪುಣರು ಹುಡುಕಿಕೊಂಡ ಇಸ್ಲಾಹ್, ಇಕ್ತಿಸಾದ್‌ನಂಥ ಗೌರವದ ಹೆಸರುಗಳು ಅವನಿಗೂ ಸಿಕ್ಕಿವೆ.

ಆದ್ದರಿಂದ ಯಾರನ್ನಾದರೂ ಜಿಪುಣ ಎಂದು ಕರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಉಳಿಸಿದ್ದು ತನ್ನ ತುತ್ತಿನಿಂದಲೋ, ಇನ್ನೊಬ್ಬರ ಪಾಲಿನಿಂದಲೋ? ತನ್ನ ತುತ್ತಿನಿಂದ ಉಳಿಸಿದವರಿಗೆ ನಮ್ಮ ಭಾಷೆಯಲ್ಲಿ ಇನ್ನೂ ಒಳ್ಳೆಯ ಪದ ಹುಡುಕಬೇಕು. ಇನ್ನೊಬ್ಬರ ಪಾಲಿನಿಂದ ಉಳಿಸಿದವರಿಗೆ ಪದಗಳು ಆಗಲೇ ಬೇಕಾದಷ್ಟಿವೆ. ಅವು ಸರಿಯಾದ ವಿಳಾಸಕ್ಕೆ ತಲುಪಬೇಕು, ಅಷ್ಟೇ.